ಅಂಗಡಿಗೆ ಕಾನೂನುಂಟು, ಮನೆಗೆ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಒಳ್ಳೆಯ ನಡತೆಯ ವಿಷಯದಲ್ಲಿ ಈ ಮಾತನ್ನು ಮತ್ತೆ ಮತ್ತೆ ಹೇಳುವ ಹಿರಿಯರು, ಕೆಟ್ಟ ಚಟಕ್ಕೂ ಅದು ಅಷ್ಟೇ ಸಲ್ಲುತ್ತದೆಂಬುದನ್ನು ಮರೆಯುತ್ತಾರೆ. ನಲವತ್ತನೆಯ ವಯಸ್ಸಿನಲ್ಲಿ ಹೊಸದಾಗಿ ಬೀಡಿ ಸೇದಲು ಕಲಿತವರನ್ನು ನಾನು ಕಂಡಿಲ್ಲ. ಕಲಿತವರೆಲ್ಲರೂ ಹುಡುಗರಾಗಿದ್ದಾಗಲೇ ಕಲಿತವರು. ಆದ್ದರಿಂದ ಧೂಮಪಾನದ ಪ್ರಶ್ನೆಯು ಮೊದಲಾಗಿ ಶಾಲೆಗೆ ಹೋಗುವ ಮಕ್ಕಳ ಪ್ರಶ್ನೆ. ಅದನ್ನು ಶಾಲೆಯ ಸಂಚಿಕೆಯಲ್ಲಿ ಚರ್ಚಿಸುವುದು ಅನುಚಿತವಲ್ಲವೆಂದು ನಂಬಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಕಲಿತದ್ದು ಹೇಗೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಐದನೆಯ ತರಗತಿಯಲ್ಲಿದ್ದಾಗ ನನ್ನ ಸೋದರಮಾವ ಜಗಲಿಯಲ್ಲಿ ಕುಳಿತು, “ಮಗಾ, ಒಂದು ಬೀಡಿ ಹೊತ್ತಿಸಿಕೊಂಡು ಬಾ” ಎಂದು ಕಳುಹಿಸುತ್ತಿದ್ದರು. ಗೂಡಂಗಡಿಯ ಕಂಬದಲ್ಲಿ ತೆಂಗಿನ ನಾರಿನ ಹಗ್ಗವೊಂದು ತುದಿಯಲ್ಲಿ ಕೆಂಡ ಹಿಡಿದು ತೂಗಾಡುತ್ತಿತ್ತು. ಬೀಡಿಯನ್ನು ಬಾಯಲ್ಲಿಟ್ಟು ಎಳೆಯದೆ ಅದು ಹೊತ್ತಿಕೊಳ್ಳದು. ದಾರಿಯಲ್ಲಿ ಆರದಂತೆ ಇನ್ನೆರಡು ದಮ್ಮು ಎಳೆಯಬೇಕು. ಮೊದಲು ಕೆಮ್ಮು ಬಂತು, ಆಮೇಲೆ ರುಚಿ ಬಂತು. ಇದನ್ನು ಯಾರೂ ತಪ್ಪೆಂದು ತಿಳಿಯಲಿಲ್ಲ. ಮಾವ ನನ್ನನ್ನು ಕೆಡಿಸಬೇಕೆಂದು ಕಳುಹಿಸಿದವರಲ್ಲ, ಅವರಷ್ಟು ನನ್ನನ್ನು ಪ್ರೀತಿಸಿದವರು ಕಡಿಮೆ. ಕೊನೆಯ ವರ್ಷಗಳಲ್ಲಿ ಅವರು ಉಬ್ಬಸದಿಂದ ರಾತ್ರಿಯಿಡೀ ಗೋಡೆಗೊರಗಿ ಕುಳಿತಿರುತ್ತಿದ್ದರು. ಆಗಲೂ ನನ್ನ ಜೇಬಿನಲ್ಲಿ ಸಿಗರೇಟು ಇತ್ತು.

ಆ ಕಾಲದಲ್ಲಿ ಬಸ್ಸಿನಲ್ಲಿ, ಸಿನೆಮಾ ಮಂದಿರದಲ್ಲಿ, ಕಚೇರಿಯಲ್ಲಿ ಎಲ್ಲೆಲ್ಲೂ ಹೊಗೆಯೇ. ಇದನ್ನು ತಡೆಯಲು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ ಮುಂದಾಯಿತೆಂಬುದು ಹೆಮ್ಮೆಯ ಸಂಗತಿ. ಸಾರ್ವಜನಿಕ ಸ್ಥಳದಲ್ಲಿ ಒಬ್ಬನು ಬಿಡುವ ಹೊಗೆಯು ಇನ್ನೊಬ್ಬನ ಬದುಕುವ ಹಕ್ಕನ್ನು, ಅಂದರೆ ಸಂವಿಧಾನದ 21ನೆಯ ವಿಧಿಯನ್ನು, ಉಲ್ಲಂಘಿಸುತ್ತದೆಂದು 1999ರ ಜುಲೈಯಲ್ಲಿ ಕೇರಳ ಹೈಕೋರ್ಟು ತೀರ್ಪಿತ್ತಿತು. 2001ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವಂತೆ ಆಜ್ಞೆ ಮಾಡಿತು. 2003ರಲ್ಲಿ ಸಂಸತ್ತು ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯನ್ನು ಅಂಗೀಕರಿಸಿತು. ಹದಿನೆಂಟು ತುಂಬದವರಿಗೆ ತಂಬಾಕು ಮಾರಬಾರದು, ವಿದ್ಯಾಸಂಸ್ಥೆಗಳಿಂದ ನೂರು ಗಜದೊಳಗೆ ಅದರ ಮಾರಾಟವೇ ಇರಬಾರದು ಎಂಬ ನಿಯಮಗಳು 2004ರಲ್ಲಿ ಜಾರಿಗೆ ಬಂದವು. 2012ರಲ್ಲಿ ಕೇರಳವು ಗುಟ್ಕಾವನ್ನು ನಿಷೇಧಿಸಿತು. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಂತೆ ಮಗುವಿಗೆ ತಂಬಾಕು ಕೊಟ್ಟವನಿಗೆ ಏಳು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿವರೆಗೆ ದಂಡ. 2016ರಿಂದ ಪೊಟ್ಟಣದ ಶೇಕಡಾ 85 ಭಾಗ ಎಚ್ಚರಿಕೆಯ ಚಿತ್ರಕ್ಕೆ ಮೀಸಲು. 2019ರಲ್ಲಿ ವಿದ್ಯುತ್ ಸಿಗರೇಟೂ ನಿಷಿದ್ಧವಾಯಿತು.

ಕಾನೂನಿನಿಂದೇನಾಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಅಂಕಿಗಳೇ ಉತ್ತರ ಹೇಳಲಿ. 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ತಂಬಾಕು ಬಳಸುವವರು 2009ರಲ್ಲಿ ದೇಶದಲ್ಲಿ ನೂರಕ್ಕೆ 14.6 ಮಂದಿ ಇದ್ದರು. 2019ರ ಸಮೀಕ್ಷೆಯಲ್ಲಿ ಅದು 8.5ಕ್ಕೆ ಇಳಿದಿತ್ತು. ಕೇರಳದಲ್ಲಿ ಹದಿನೈದು ದಾಟಿದವರ ಪೈಕಿ 2009-10ರಲ್ಲಿ ನೂರಕ್ಕೆ 21.4 ಇದ್ದ ಬಳಕೆ 2016-17ರಲ್ಲಿ 12.7ಕ್ಕೆ ಬಂದಿತ್ತು. ಇಷ್ಟು ಇಳಿಕೆಗೆ ಕಾನೂನೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಕಾನೂನಿಲ್ಲದೆ ಆಗುತ್ತಿತ್ತೆಂದೂ ನಂಬಲಾರೆ.

ಹೀಗೆ ನಂಬಲು ನನ್ನದೇ ಒಂದು ಕಾರಣವಿದೆ. ಅಧ್ಯಾಪಕನಾದ ಹೊಸತರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿದ್ದಾಗ, ಮಧ್ಯಾಹ್ನದ ಬಿಡುವಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನ ಕೈಯಲ್ಲಿ ಹಣ ಕೊಟ್ಟು ಸಿಗರೇಟು ತರಲು ಕಳುಹಿಸಿದೆ. ಕಾಯ್ದೆ ಜಾರಿಗೆ ಬಂದು ವರ್ಷವಾಗಿತ್ತು. ಹುಡುಗ ಬರಿಗೈಯಲ್ಲಿ ಬಂದ. “ಮಕ್ಕಳ ಕೈಯಲ್ಲಿ ಕೊಡಲಿಕ್ಕಿಲ್ಲವಂತೆ ಸಾರ್, ಮಾಷ್ಟ್ರೇ ಬಂದು ಕೊಂಡುಹೋಗಲಿ ಎಂದರು” ಎಂದು ತಲೆ ತಗ್ಗಿಸಿ ಹೇಳಿ ಹಣವನ್ನು ಮೇಜಿನ ಮೇಲಿಟ್ಟ. ಎರಡಕ್ಷರ ಕಲಿಯದ ಆ ಅಂಗಡಿಯಾತನಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ! ಮಾವ ನನಗೆ ಮಾಡಿದ್ದನ್ನೇ ನಾನು ಆ ಹುಡುಗನಿಗೆ ಮಾಡುತ್ತಿದ್ದೆ. ಅಂದೇ ಸೇದುವುದನ್ನು ಬಿಟ್ಟೆನೆಂದರೆ ಸುಳ್ಳಾದೀತು, ಬಿಡಲು ಎರಡು ವರ್ಷ ಬೇಕಾಯಿತು. ಆದರೆ ಮಕ್ಕಳನ್ನು ಕಳುಹಿಸುವುದನ್ನು ಅಂದೇ ಬಿಟ್ಟೆ.

ಇನ್ನೂರು ರೂಪಾಯಿಯ ದಂಡಕ್ಕೆ ನಾನು ಹೆದರಿದವನಲ್ಲ. ಒಬ್ಬ ಸಾಮಾನ್ಯ ವ್ಯಾಪಾರಿ ‘ಕೊಡಲಿಕ್ಕಿಲ್ಲ’ ಎಂದದ್ದು ನನ್ನನ್ನು ತಟ್ಟಿತು. ಕಾನೂನು ಜೀವಂತವಾಗಿರುವುದು ಪುಸ್ತಕದಲ್ಲಲ್ಲ, ಇಂತಹ ಸಣ್ಣ ನಿರಾಕರಣೆಗಳಲ್ಲಿ. ಮಾವನಿಗೆಂದರೂ ಮಾಷ್ಟ್ರಿಗೆಂದರೂ, ಹದಿನೆಂಟು ತುಂಬದವರ ಕೈಗೆ ಮಾರಿದರೆ ಅದು ಅಪರಾಧವೇ. ಬಿಡಿ ಸಿಗರೇಟಿನ ವ್ಯಾಪಾರವೂ ಇಲ್ಲಿ ಯೋಚಿಸಬೇಕಾದ ಸಂಗತಿ. ಒಂದೊಂದಾಗಿ ಕೊಳ್ಳುವ ಹುಡುಗನ ಕಣ್ಣಿಗೆ ಪೊಟ್ಟಣದ ಮೇಲಿನ ಚಿತ್ರ ಬೀಳುವುದೇ ಇಲ್ಲ.

ಆದರೆ ಅಂಗಡಿಯ ತನಕ ಬಂದ ಕಾನೂನು ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ನಾನು ಹೇಳಿದ 2019ರ ಸಮೀಕ್ಷೆಯಲ್ಲೇ ಇನ್ನೊಂದು ಅಂಶವಿದೆ. ಬೀಡಿ ಸೇದುವ ಮಕ್ಕಳಲ್ಲಿ ನೂರಕ್ಕೆ 47 ಮಂದಿ ಹತ್ತು ವರ್ಷ ತುಂಬುವ ಮೊದಲೇ ಆರಂಭಿಸಿದವರು! ಆ ವಯಸ್ಸಿನ ಮಗುವಿಗೆ ಬೀಡಿ ಎಲ್ಲಿಂದ ಬಂತು? ತಂದೆಯ ಅಂಗಿಯ ಜೇಬಿನಿಂದ, ಅಜ್ಜನ ತಲೆದಿಂಬಿನ ಕೆಳಗಿನಿಂದ, ಮದುವೆಮನೆಯ ತಟ್ಟೆಯಿಂದ ಬಂದಿರಬೇಕಲ್ಲವೇ?

ಇಲ್ಲಿ ಕೆಲವರು ಕೇಳಬಹುದು: “ಬೀಡಿಯಿಂದಲೇ ಬದುಕಿದ ನಾಡಿನಲ್ಲಿ ಬೀಡಿಯನ್ನು ದೂರುವುದೇ?” ಪ್ರಶ್ನೆ ನ್ಯಾಯವಾದದ್ದು. ನನ್ನ ತಾಯಿಯವರೂ ಬೀಡಿ ಕಟ್ಟಿದವರು. ಗೆರಸೆಯನ್ನು ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಸುತ್ತಿ ಅವರು ಗಳಿಸಿದ ಮಜೂರಿಯಿಂದ ನನ್ನ ಪುಸ್ತಕ ಬಂತು. ಈ ಶಾಲೆಯ ಎಷ್ಟೋ ಮಕ್ಕಳ ತಾಯಂದಿರ ಕಥೆಯೂ ಇದೇ. ಅವರ ದುಡಿಮೆಗೆ ನಾನು ಕೈಮುಗಿಯುತ್ತೇನೆ. ಆದರೆ ಬೀಡಿ ಕಟ್ಟಿದ ಯಾವ ತಾಯಿಯೂ ತನ್ನ ಮಗ ಅದನ್ನು ಸೇದಲೆಂದು ಕಟ್ಟಲಿಲ್ಲ, ಅವನು ಓದಲೆಂದು ಕಟ್ಟಿದಳು. ಜೀವನೋಪಾಯಕ್ಕೆ ಬೇರೆ ದಾರಿಯೂ ಉಂಟು. 1966ರ ಬೀಡಿ ಕಾರ್ಮಿಕರ ಕಾಯ್ದೆ ಇಲ್ಲಿ ಜಾರಿಗೆ ಬರುವಾಗ ಮಂಗಳೂರಿನ ಮಾಲಕರು ಮಲಬಾರಿನ ಕೆಲಸ ನಿಲ್ಲಿಸಿದ್ದರಿಂದ ಸಾವಿರಾರು ಮಂದಿ ಬೀದಿಪಾಲಾದರು. ಅವರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಬೀಡಿಯ ಬೇಡಿಕೆ ಕುಸಿಯತೊಡಗಿದಾಗ ಅದೇ ಸಂಘ ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪುಗಳ ತಯಾರಿಗೆ ತೊಡಗಿತು. ಕೈಕಸುಬು ಬದಲಾದರೂ ದುಡಿಯುವ ಕೈಗೆ ಕೆಲಸ ದೊರಕಿಸಬಹುದೆಂಬುದಕ್ಕೆ ಇದು ನಮ್ಮ ಪಕ್ಕದ ಉದಾಹರಣೆ.

ಗಡಿನಾಡಿನವರಾದ ನಮಗೆ ಇನ್ನೊಂದು ವಿಚಿತ್ರವಿದೆ. ಕರ್ನಾಟಕವು ತನ್ನ ತಿದ್ದುಪಡಿ ಕಾಯ್ದೆಯಿಂದ 2025ರಲ್ಲಿ ವಯಸ್ಸಿನ ಮಿತಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು. ಕೇಂದ್ರದ ಕಾಯ್ದೆಯಲ್ಲಿರುವುದು ಹದಿನೆಂಟು. ಹೀಗಾಗಿ ತಲಪಾಡಿಯ ಆಚೆ ಮಗುವೆನಿಸಿದವನು ಈಚೆಗೆ ಬಂದರೆ ದೊಡ್ಡವನು! ಶ್ವಾಸಕೋಶಕ್ಕೆ ರಾಜ್ಯದ ಗಡಿ ತಿಳಿದಿದೆಯೇ? ಒಳ್ಳೆಯ ಕಾನೂನು ಗಡಿ ದಾಟಿ ಬರಲಿ. ಎಚ್ಚರಿಕೆಯ ಫಲಕಗಳು ಈ ತಾಲೂಕುಗಳಲ್ಲಿ ಕನ್ನಡದಲ್ಲಿಯೂ ಇರಲಿ.

ನಮ್ಮ ರಕ್ಷಕ-ಶಿಕ್ಷಕ ಸಂಘದ ಮುಂದೆ ನನ್ನ ಸೂಚನೆ ಒಂದೇ. ‘ಮನೆಯ ಮಕ್ಕಳನ್ನು ಬೀಡಿ, ಸಿಗರೇಟು, ಹೊಗೆಸೊಪ್ಪು ತರಲು ಕಳುಹಿಸುವುದಿಲ್ಲ’ ಎಂದು ಪ್ರತಿಯೊಬ್ಬ ರಕ್ಷಕರೂ ಮಾತು ಕೊಡಲಿ. ಇದಕ್ಕೆ ಹಣದ ಖರ್ಚಿಲ್ಲ, ಸರಕಾರದ ಅಪ್ಪಣೆಯೂ ಬೇಡ. ಸೇದುವುದನ್ನು ಇಂದೇ ಬಿಡಲಾಗದವರೂ ಇಷ್ಟನ್ನು ಇಂದೇ ಮಾಡಬಲ್ಲರು. ಅಧ್ಯಾಪಕರಿಗೂ ಇದು ಅನ್ವಯಿಸಲಿ, ನನ್ನ ಹೆಸರು ಮೊದಲಿರಲಿ.

ಪ್ರಿಯ ವಿದ್ಯಾರ್ಥಿಗಳೇ, ಹಿರಿಯರು ಹೇಳಿದಾಗ ‘ಇಲ್ಲ’ ಎನ್ನುವುದು ನಿಮಗೆ ಕಷ್ಟವೆಂದು ನನಗೆ ಗೊತ್ತು, ನನಗೂ ಆಗಿರಲಿಲ್ಲ. ನನಗಿಲ್ಲದ ಒಂದು ಆಸರೆ ಇಂದು ನಿಮಗಿದೆ. ನಾಳೆ ಯಾರಾದರೂ ಕಳುಹಿಸಿದರೆ ಎದುರಾಡಬೇಡಿ, ವಿನಯದಿಂದ ಹೀಗೆ ಹೇಳಿ: “ಮಾವಾ, ನಮ್ಮ ಕೈಯಲ್ಲಿ ಅಂಗಡಿಯವರು ಕೊಡಲಿಕ್ಕಿಲ್ಲ, ಕಾನೂನುಂಟು.” ಅಷ್ಟು ಸಾಕು. ಆ ಹೊತ್ತಿಗೆ ಮಾವನಿಗೆ ಸಿಟ್ಟು ಬಂದೀತು. ಆದರೆ ಎದ್ದು ಅಂಗಡಿಗೆ ನಡೆಯುವ ದಾರಿಯಲ್ಲಿ ಅವರು ಒಂದು ಕ್ಷಣ ಯೋಚಿಸದೆ ಇರಲಾರರು. ನಾನು ಯೋಚಿಸಿದ್ದೆ.