ಹದಿನಾರು ಭಾಗಿಸು ನಾಲ್ಕು

"ತಾತಾ, ಇದು ನಾಯಿಗೆ ಹಾಕೋ ಬಿಸ್ಕತ್ತಲ್ವಾ?"

ಐದನೇ ತರಗತಿಯ ಮೊಮ್ಮಗ ಹೀಗೆ ಕೇಳಿದಾಗ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ ನೋಡಿ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ವಾಕಿಂಗ್ ಹೊರಡುವ ಹಿರಿಯರ ಜೇಬಿನಲ್ಲಿ ಒಂದು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇದ್ದೇ ಇರುತ್ತದೆ. ನಾಯಿಗಳು ಅವರ ಹಿಂದೆ ಬಾಲ ಅಲ್ಲಾಡಿಸಿಕೊಂಡು ಪಾರ್ಕಿನವರೆಗೂ ಹೋಗುತ್ತವೆ. ಹುಡುಗ ಹುಟ್ಟಿದಾಗಿನಿಂದ ನೋಡಿರುವುದು ಅದನ್ನೇ. ಅವನ ಪಾಲಿಗೆ ಬಿಸ್ಕತ್ತು ಅಂದರೆ ಚಾಕೊಲೇಟ್ ಚೂರು ಮೆತ್ತಿದ, 'ಕುಕೀಸ್' ಎಂಬ ಹೆಸರಿನ, ಪ್ಲಾಸ್ಟಿಕ್ ಗೂಡಿನೊಳಗೆ ಮಲಗಿಸಿಟ್ಟ ಪದಾರ್ಥ.

ನಾನು ತಂದ ಪೊಟ್ಟಣ ಮೇಜಿನ ಮೇಲೇ ಉಳಿಯಿತು. ಆಗ ಒಳಗಿನಿಂದ ನನ್ನ ಅಮ್ಮ, "ಅವನಿಗೆ ಬೇಡವಾದ್ರೆ ಇಲ್ಲಿ ಕೊಡೋ, ನಾನು ತಿಂತೀನಿ" ಎಂದಳು.

ನಾನು ತಬ್ಬಿಬ್ಬಾದೆ. ಎಂಬತ್ತನಾಲ್ಕು ವರ್ಷದ ನನ್ನ ಅಮ್ಮ, ಬಿಸ್ಕತ್ತಿನ ವಾಸನೆಯೇ ತನಗೆ ಆಗುವುದಿಲ್ಲ ಎಂದು ಐವತ್ತು ವರ್ಷಗಳ ಹಿಂದೆ ನಮ್ಮೆಲ್ಲರೆದುರು ಸಾರಿದ್ದವಳು!

ಆ ಕಥೆ ಹೇಳಬೇಕಾದರೆ ನಿಮ್ಮನ್ನು 1973ರ ಸುಮಾರಿಗೆ, ತಿಪಟೂರಿನ ಆಚೆಯ ನಮ್ಮ ಹಳ್ಳಿಗೆ ಕರೆದೊಯ್ಯಬೇಕು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಸಂಬಳದ ದಿನ ತಿಪಟೂರಿಗೆ ಹೋದವರು ಸಂಜೆಯ ಬಸ್ಸಿಗೆ ಹಿಂತಿರುಗುತ್ತಿದ್ದರು. ಕೈಚೀಲದಲ್ಲಿ ಕಾಫಿಪುಡಿ, ಸೋಪು, ಅಮ್ಮ ಬರೆದುಕೊಟ್ಟ ಚೀಟಿಯ ಸಾಮಾನು. ಎಲ್ಲಕ್ಕಿಂತ ಮೇಲೆ, ನಲುಗದ ಹಾಗೆ, ಮೇಣದ ಕಾಗದದಲ್ಲಿ ಸುತ್ತಿದ ಒಂದು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ. ತಿಂಗಳಿಗೆ ಒಂದೇ. ನಾವು ಮಕ್ಕಳು ನಾಲ್ವರು: ನಾನು, ಇಬ್ಬರು ತಮ್ಮಂದಿರು, ಕೊನೆಯವಳು ತಂಗಿ.

ಆ ಪೊಟ್ಟಣದ ಮೇಲಿನ ಗುಂಡುಮುಖದ ಮಗುವಿನ ಬಗ್ಗೆ ಒಂದು ಮಾತು. ಅದು ನಮ್ಮ ಸುಧಾ ಮೂರ್ತಿಯವರ ಬಾಲ್ಯದ ಚಿತ್ರ ಎಂಬ ಸುದ್ದಿ ಬಹಳ ವರ್ಷ ಓಡಾಡಿತು. ನಾನೂ ನಂಬಿ ನಾಲ್ಕು ಜನಕ್ಕೆ ಹೇಳಿದ್ದೆ. ಅದು ಯಾವ ಮಗುವಿನ ಫೋಟೋವೂ ಅಲ್ಲ, 1960ರ ದಶಕದಲ್ಲಿ ಎವರೆಸ್ಟ್ ಎಂಬ ಜಾಹೀರಾತು ಸಂಸ್ಥೆಯ ಕಲಾವಿದರು ಬರೆದ ಚಿತ್ರ ಎಂದು ಕಂಪನಿಯವರೇ ಸ್ಪಷ್ಟಪಡಿಸಿದರು. ಆ ಕಂಪನಿ ಮುಂಬೈಯ ವಿಲೇ ಪಾರ್ಲೆ ಎಂಬ ಬಡಾವಣೆಯಲ್ಲಿ 1929ರಲ್ಲಿ ಶುರುವಾದದ್ದು. ಊರಿನ ಹೆಸರೇ ಕಂಪನಿಗೂ ಬಂತು. ಮೊದಲು ಪೆಪ್ಪರಮೆಂಟು ಮಾಡುತ್ತಿದ್ದವರು 1939ರಲ್ಲಿ ಬಿಸ್ಕತ್ತಿಗೆ ಕೈ ಹಾಕಿದರು. 'ಪಾರ್ಲೆ ಗ್ಲೂಕೋ' ಎಂದಿದ್ದದ್ದು 1980ರ ದಶಕದ ಆರಂಭದಲ್ಲಿ 'ಪಾರ್ಲೆ-ಜಿ' ಆಯಿತು. ವಿಲೇ ಪಾರ್ಲೆಯ ಆ ಹಳೆಯ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು. ಅಲ್ಲಿ ಲೋಕಲ್ ರೈಲಿನಿಂದ ಇಳಿದವರಿಗೆ ಊರಿಗಿಂತ ಮೊದಲು ಬಿಸ್ಕತ್ತಿನ ಪರಿಮಳ ಸಿಗುತ್ತಿತ್ತಂತೆ.

ಮತ್ತೆ ನಮ್ಮ ಪಡಸಾಲೆಗೆ ಬರೋಣ. ಅಪ್ಪ ಏನು ಕೊಟ್ಟರೂ ಅದರಲ್ಲಿ ಒಂದು ಲೆಕ್ಕ ಅಡಗಿಸಿಯೇ ಕೊಡುತ್ತಿದ್ದರು. ಲಾಂದ್ರದ ಬೆಳಕಿನಲ್ಲಿ ಪೊಟ್ಟಣ ಬಿಚ್ಚಿ, ಬಿಸ್ಕತ್ತುಗಳನ್ನು ಚಾಪೆಯ ಮುಂದೆ ಸಾಲಾಗಿ ಜೋಡಿಸಿ, "ಎಷ್ಟಿವೆ?" ಎನ್ನುವರು. "ಹದಿನಾರು." "ಹದಿನಾರು ಭಾಗಿಸು ನಾಲ್ಕು?" "ನಾಲ್ಕು." "ಶೇಷ?" "ಸೊನ್ನೆ!" ಎಂದು ಕೂಗುವಷ್ಟರಲ್ಲಿ ನಮ್ಮ ಕೈಗಳು ಚಾಚಿಕೊಂಡಾಗಿರುತ್ತಿತ್ತು.

ಒಂದು ತಿಂಗಳು, ಎರಡನೇ ತರಗತಿಯಲ್ಲಿದ್ದ ತಂಗಿ ಕೈ ಚಾಚಲಿಲ್ಲ.

"ಅಪ್ಪಾ, ಮನೇಲಿ ಆರು ಜನ ಇದೀವಿ. ಅಮ್ಮನ್ನ ಯಾಕೆ ಲೆಕ್ಕಕ್ಕೆ ಹಿಡೀಲಿಲ್ಲ?"

ಅಪ್ಪ ಒಂದು ಕ್ಷಣ ಸುಮ್ಮನಾದರು. ಆಮೇಲೆ ಮೇಷ್ಟ್ರ ದನಿಯಲ್ಲೇ, "ಸರಿ, ಆರರಿಂದ ಭಾಗಿಸಿ" ಎಂದರು. ತಲೆಗೆ ಎರಡು, ಶೇಷ ನಾಲ್ಕು. ನಾಲ್ಕು ಇದ್ದದ್ದು ಎರಡಕ್ಕಿಳಿದರೆ ಗಂಡುಮಕ್ಕಳು ಸುಮ್ಮನಿರುತ್ತಾರೆಯೇ? ತಮ್ಮಂದಿರ ಮುಖ ಜೋಲು ಬಿತ್ತು. ಅಷ್ಟರಲ್ಲಿ ಒಲೆಯ ಮುಂದಿನಿಂದ ಅಮ್ಮ, "ನಂಗೆ ಬೇಡಮ್ಮ, ಅದರ ವಾಸನೆಯೇ ಆಗೋಲ್ಲ" ಎಂದಳು. ಅಪ್ಪನೂ ದವಡೆ ಹಿಡಿದುಕೊಂಡು, "ನಂಗೂ ಹಲ್ಲುನೋವು" ಎಂದರು. ಲೆಕ್ಕ ಮತ್ತೆ ನಾಲ್ಕಕ್ಕೇ ಬಂತು.

ಅಮ್ಮ ಹೇಳಿದ್ದು ಸುಳ್ಳು ಎಂದು ನನಗೆ ಗೊತ್ತಿತ್ತು. ಪ್ರತಿ ತಿಂಗಳೂ ನಾವು ತಿಂದೆದ್ದ ಮೇಲೆ, ಆ ಮೇಣದ ಕಾಗದದ ಮಡಿಕೆಗಳಲ್ಲಿ ಉಳಿದ ಪುಡಿಯನ್ನು ಅಂಗೈಗೆ ಉದುರಿಸಿಕೊಂಡು ಬಾಯಿಗೆ ಹಾಕಿಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಹನ್ನೊಂದು ವರ್ಷದವನು, ಹಿರಿಯ ಮಗ. ಹೇಳಬಹುದಾಗಿತ್ತು. ಹೇಳಿದರೆ ಎರಡು ಬಿಸ್ಕತ್ತು ಹೋಗುತ್ತಿತ್ತು. ಸುಮ್ಮನಿದ್ದೆ. ತಂಗಿ ಮಾತ್ರ ತನ್ನ ಪಾಲಿನ ಒಂದನ್ನು ಹಿಟ್ಟಿನ ಡಬ್ಬಿಯ ಮೇಲೆ ಅಮ್ಮನಿಗೆಂದು ಇಟ್ಟು ಮಲಗಿದಳು. ಬೆಳಗಾಗುವ ಹೊತ್ತಿಗೆ ಅದಕ್ಕೆ ಇರುವೆ ಮುತ್ತಿದ್ದವು.

ಆ ಕಾಲದಲ್ಲಿ ಇದೊಂದೇ ಬಿಸ್ಕತ್ತು ಇತ್ತೆಂದಲ್ಲ. ಊರಿನ ಅಂಗಡಿಯ ಗಾಜಿನ ಭರಣಿಯಲ್ಲಿ, ತಲೆಯ ಮೇಲೆ ಗುಲಾಬಿ, ಹಸಿರು ಸಕ್ಕರೆಯ ಮುದ್ದೆ ಹೊತ್ತ ಪುಟಾಣಿ ಬಿಸ್ಕತ್ತುಗಳಿದ್ದವು. ನಾವು ಮೊದಲು ಬಣ್ಣದ ಮುದ್ದೆಯನ್ನು ಕಚ್ಚಿ, ಬರೀ ಬಿಸ್ಕತ್ತನ್ನು ತಮ್ಮನಿಗೆ ದಾನ ಮಾಡುತ್ತಿದ್ದೆವು. ಕ್ರೀಮ್ ಬಿಸ್ಕತ್ತು ಬಂದದ್ದು ಬೆಂಗಳೂರಿನ ಚಿಕ್ಕಪ್ಪನ ಜೊತೆಗೆ. ಅದನ್ನು ಎರಡು ಹೋಳು ಮಾಡಿ ಕ್ರೀಮನ್ನು ಮುಂಬಲ್ಲಿನಿಂದ ಕೆರೆಯುವ ವಿದ್ಯೆ ಯಾರೂ ಹೇಳಿಕೊಡದೆ ಬಂತು. ಇನ್ನು ಅಯ್ಯಂಗಾರ್ ಬೇಕರಿಯ ಖಾರದ ಬಿಸ್ಕತ್ತು ಬೇರೆಯದೇ ಜಾತಿ. ಹಸಿಮೆಣಸಿನಕಾಯಿ ಬಾಯಿಗೆ ಸಿಕ್ಕಾಗ ಕಣ್ಣಲ್ಲಿ ನೀರು ಬಂದರೂ ಕೈ ಹಿಂದೆ ಸರಿಯುತ್ತಿರಲಿಲ್ಲ. ಅದರ ಬಗ್ಗೆ ಇನ್ನೊಂದು ವಾರ ಬರೆದೇನು.

'ಮಾರಿ' ಬಿಸ್ಕತ್ತಿನ ಹೆಸರು ಕೇಳಿ ನಾವು ಹೆದರಿದ್ದೂ ಉಂಟು. ನಮ್ಮೂರಲ್ಲಿ ಮಾರಿಹಬ್ಬ ಜೋರು. ಹಾಗಾಗಿ ಅದು ಮಾರಮ್ಮನ ಪ್ರಸಾದವಿರಬೇಕು, ಕೈಕಾಲು ತೊಳೆಯದೆ ಮುಟ್ಟಬಾರದು ಎಂದು ತಮ್ಮನಿಗೆ ನಾನೇ ಕಟ್ಟಪ್ಪಣೆ ಮಾಡಿದ್ದೆ. ದೊಡ್ಡವನಾದ ಮೇಲೆ ತಿಳಿಯಿತು: ಆಕೆ ಮಾರಮ್ಮನಲ್ಲ, ರಷ್ಯಾ ಚಕ್ರವರ್ತಿಯ ಮಗಳು ಮರಿಯಾ ಅಲೆಕ್ಸಾಂಡ್ರೋವ್ನಾ! 1874ರಲ್ಲಿ ಆಕೆಗೂ ವಿಕ್ಟೋರಿಯಾ ರಾಣಿಯ ಎರಡನೇ ಮಗನಿಗೂ ಮದುವೆಯಾದಾಗ, ಲಂಡನ್ನಿನ ಪೀಕ್ ಫ್ರೀನ್ ಎಂಬ ಬಿಸ್ಕತ್ತಿನ ಕಂಪನಿ ಅದರ ನೆನಪಿಗೆ ಇದನ್ನು ಮಾಡಿತು. ಚಕ್ರಾಧಿಪತ್ಯ ಹೋಯಿತು, ಅರಮನೆ ಹೋಯಿತು. ಹೆಸರು ಮಾತ್ರ ತಿಪಟೂರಿನ ಟೀ ಅಂಗಡಿಯ ಭರಣಿಯಲ್ಲಿ ಉಳಿಯಿತು. ಬೌರ್ಬನ್ ಕೂಡ ಅದೇ ಕಂಪನಿಯದು, 1910ರದು. ಅದರ ಮೈಮೇಲಿನ ತೂತುಗಳು ಅಂದಕ್ಕಲ್ಲ. ಬೇಯುವಾಗ ಒಳಗಿನ ಹಬೆ ಹೊರಹೋಗಿ ಬಿಸ್ಕತ್ತು ಉಬ್ಬದೆ, ಒಡೆಯದೆ ಇರಲಿ ಎಂದು.

ಜ್ವರ ಬಂದರೆ ನಮಗೆ ಒಳಗೊಳಗೇ ಸಂತೋಷ. ಅನ್ನ ಬಂದ್, ಬ್ರೆಡ್ಡು ಬಿಸ್ಕತ್ತು ಶುರು. ಆಸ್ಪತ್ರೆಯಲ್ಲಿ ರೋಗಿಗೆ ಏರಿಸುವ ಬಾಟ್ಲಿಗೂ 'ಗ್ಲೂಕೋಸ್', ಈ ಬಿಸ್ಕತ್ತಿಗೂ 'ಗ್ಲೂಕೋಸ್'. ಎರಡೂ ಒಂದೇ, ತಿಂದರೆ ಶಕ್ತಿ ಬರುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಹೆತ್ತವರು ಇಲ್ಲಿ ಸ್ವಲ್ಪ ಕಿವಿಗೊಡಿ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬ ನಿಯಮವಿದೆ: ಹೆಚ್ಚು ಇರುವುದು ಮೊದಲು, ಕಡಿಮೆಯದು ಆಮೇಲೆ. ಮಕ್ಕಳ ಕೈಯಲ್ಲೇ ಓದಿಸಿ ನೋಡಿ. ಸಾಮಾನ್ಯವಾಗಿ ಮೊದಲು ಗೋಧಿಯ ಹಿಟ್ಟು, ಅಂದರೆ ಮೈದಾ; ಮರುಕ್ಷಣವೇ ಸಕ್ಕರೆ, ಅದರ ಬೆನ್ನಿಗೆ ತಾಳೆಎಣ್ಣೆ. ನನ್ನ ಬಾಲ್ಯದ ಪ್ರೀತಿ ಎಷ್ಟೇ ಇರಲಿ, ಅದನ್ನು ಪೌಷ್ಟಿಕ ಆಹಾರ ಎಂದು ಮೊಮ್ಮಗನಿಗೆ ಹೇಳಲು ನನಗೆ ನಾಲಿಗೆ ಬರುವುದಿಲ್ಲ. ತಿಂಗಳಿಗೆ ನಾಲ್ಕು ತಿಂದ ನಮಗೆ ಅದು ಏನೂ ಮಾಡಲಿಲ್ಲ. ದಿನಕ್ಕೆ ಒಂದು ಪೊಟ್ಟಣ ಖಾಲಿ ಮಾಡುವವರ ಲೆಕ್ಕ ಬೇರೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಲೆಕ್ಕ. ಕಾಫಿಗೆ ಅದ್ದಿದ ಬಿಸ್ಕತ್ತು ಬಾಯಿಗೆ ಬರುವ ಮೊದಲೇ ಲೋಟದೊಳಕ್ಕೆ ಬೀಳುತ್ತದಲ್ಲ, ಅದರ ಬಗ್ಗೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ಲೆನ್ ಫಿಶರ್ ಎಂಬ ಭೌತವಿಜ್ಞಾನಿ ತಲೆ ಕೆಡಿಸಿಕೊಂಡರು. ಬಿಸ್ಕತ್ತಿನೊಳಗಿನ ಸಣ್ಣ ರಂಧ್ರಗಳಲ್ಲಿ ದ್ರವ ಏರುವ ಬಗೆಗೆ ಅವರು ಬಳಸಿದ್ದು 1921ರ ವಾಷ್‌ಬರ್ನ್ ಸಮೀಕರಣ. ಅದರ ಪ್ರಕಾರ, ದ್ರವ ಎರಡು ಪಟ್ಟು ದೂರ ಏರಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಹಿಟ್ಟಿನ ಕಣಗಳನ್ನು ಹಿಡಿದಿಟ್ಟ ಸಕ್ಕರೆ ಬಿಸಿಗೆ ಕರಗುತ್ತದೆ, ಕಣಗಳು ಊದಿಕೊಳ್ಳುತ್ತವೆ, ಬಿಸ್ಕತ್ತು ಸೋತು ಬೀಳುತ್ತದೆ. ಅವರ ಸಲಹೆ ಇಷ್ಟೇ: ನೆಟ್ಟಗೆ ಮುಳುಗಿಸಬೇಡಿ, ಅಡ್ಡಡ್ಡಲಾಗಿ ಒಂದು ಮುಖ ಮಾತ್ರ ಅದ್ದಿ, ಮೇಲಿನ ಒಣ ಪದರ ಆಧಾರವಾಗಿ ನಿಲ್ಲುತ್ತದೆ. ಇದಕ್ಕೆ ಅವರಿಗೆ 1999ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆಂದೇ ಇರುವ ಇಗ್ ನೊಬೆಲ್ ಬಹುಮಾನ ಬಂತು. ಬ್ರೆಡ್ಡು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ, ಬಿಸ್ಕತ್ತು ಗಾಳಿಗಿಟ್ಟರೆ ಮೆತ್ತಗಾಗುತ್ತದೆ. ಏಕೆ? ಉತ್ತರ ನಾನು ಹೇಳುವುದಿಲ್ಲ. ಯಾವುದರಲ್ಲಿ ನೀರಿನಂಶ ಹೆಚ್ಚು ಎಂದು ಯೋಚಿಸಿ, ಹೊಳೆಯದಿದ್ದರೆ ವಿಜ್ಞಾನದ ಮೇಷ್ಟ್ರನ್ನು ಕೇಳಿ.

ಬೆಲೆಯ ಲೆಕ್ಕವಂತೂ ಸ್ವಾರಸ್ಯದ್ದು. 1990ರ ದಶಕದ ಮಧ್ಯದಿಂದ ಸುಮಾರು ಕಾಲು ಶತಮಾನ ಆ ಪುಟ್ಟ ಪೊಟ್ಟಣದ ಬೆಲೆ ನಾಲ್ಕು ರೂಪಾಯಿಯ ಆಸುಪಾಸಿನಲ್ಲೇ ನಿಂತಿತು. ಬೆಲೆ ಏರಲಿಲ್ಲ ನಿಜ, ಪೊಟ್ಟಣ ಬಡವಾಗುತ್ತಾ ಬಂತು. 100 ಗ್ರಾಂ ಇದ್ದದ್ದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹಾಗೆಂದು ನಾನು ಹೀಯಾಳಿಸಲಾರೆ. 2020ರ ಲಾಕ್‌ಡೌನಿನಲ್ಲಿ ನೂರಾರು ಮೈಲಿ ನಡೆದು ಊರು ಸೇರಿದ ಕೂಲಿಯವರ ಕೈಗೆ ದಾರಿಯುದ್ದಕ್ಕೂ ಜನ ಕೊಟ್ಟದ್ದು ಈ ಪೊಟ್ಟಣಗಳನ್ನೇ. ಆಗಿನ ಮಾರಾಟ ಹಿಂದಿನ ದಾಖಲೆಗಳನ್ನೆಲ್ಲ ಮೀರಿತೆಂದು ಕಂಪನಿ ಹೇಳಿತು. ಇದನ್ನು ಮೊಮ್ಮಗನಿಗೆ ಹೇಳಿದೆ. ಅವನು ಕೇಳಿಸಿಕೊಂಡ, ಬಿಸ್ಕತ್ತನ್ನೇನೂ ತಿನ್ನಲಿಲ್ಲ.

ಅಮ್ಮನಿಗೆ ಈಗ ಸಕ್ಕರೆ ಕಾಯಿಲೆ. ಮಾರಿ ಬಿಸ್ಕತ್ತಾದರೆ ಪರವಾಗಿಲ್ಲ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡಿದ್ದಾಳೆ. ಮಾರಿಯಲ್ಲೂ ಸಕ್ಕರೆ ಇದೆ ಕಣಮ್ಮ ಎಂದರೆ ಕಿವಿ ಕೇಳಿಸದವಳಂತೆ ಇರುತ್ತಾಳೆ. ಡಾಕ್ಟರು ದಿನಕ್ಕೆ ಎರಡಕ್ಕೆ ಒಪ್ಪಿದ್ದಾರೆ.

ಹೋದ ದೀಪಾವಳಿಗೆ ತಮ್ಮಂದಿರು, ತಂಗಿ ಎಲ್ಲ ನಮ್ಮಲ್ಲಿಗೆ ಬಂದಿದ್ದರು. ಸಂಜೆ ಕಾಫಿಯ ಹೊತ್ತಿಗೆ ತಂಗಿ ಅದೇ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ತೆಗೆದು, ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಅಪ್ಪನ ದನಿಯಲ್ಲೇ ನನ್ನ ಮೊಮ್ಮಗನನ್ನು ಕೇಳಿದಳು: "ಎಷ್ಟಿವೆ?"

"ಹದಿಮೂರು."

"ನಾವೆಷ್ಟು ಜನ?"

ಅವನು ಮುತ್ತಜ್ಜಿಯಿಂದಲೇ ಎಣಿಕೆ ಶುರು ಮಾಡಿದ. "ಆರು. ತಲೆಗೆ ಎರಡು, ಶೇಷ ಒಂದು. ಶೇಷ ಯಾರಿಗೆ?"

"ಅದು ನಿಮ್ಮ ಮುತ್ತಾತನಿಗೆ" ಎಂದಳು ಅಮ್ಮ. ಅಪ್ಪ ಹೋಗಿ ಹನ್ನೆರಡು ವರ್ಷ. ಆಮೇಲೆ ನನ್ನ ಕಡೆ ತಿರುಗಿ, "ಅವರಿಗೂ ಅವತ್ತು ಹಲ್ಲುನೋವಿರಲಿಲ್ಲ ಕಣೋ" ಎಂದಳು.

ಐವತ್ತು ವರ್ಷ ನಾನು ಅಮ್ಮನ ಸುಳ್ಳೊಂದನ್ನೇ ಲೆಕ್ಕದಲ್ಲಿಟ್ಟುಕೊಂಡಿದ್ದೆ. ಅಪ್ಪನದು ನನಗೆ ಹೊಳೆದೇ ಇರಲಿಲ್ಲ. ತಂಗಿ ಏನೋ ಹೇಳಲು ಹೊರಟವಳು ಹೇಳಲಿಲ್ಲ. ಅಷ್ಟರಲ್ಲಿ ಕಿರಿಯ ತಮ್ಮ, ಮಾತಿನ ಕಡೆ ಗಮನವಿಲ್ಲದೆ, ಆ ಹದಿಮೂರನೆಯದನ್ನು ಎತ್ತಿ ಕಾಫಿಗೆ ಅದ್ದಿದ್ದ. ಅದೂ ನೆಟ್ಟಗೆ ಅದ್ದಿದ್ದ. ಅರ್ಧ ಮುರಿದು ಲೋಟದ ತಳ ಸೇರಿತು.

"ಇರು, ಚಮಚ ತರ್ತೀನಿ" ಎಂದು ಅಮ್ಮ ಮೆಲ್ಲಗೆ ಎದ್ದಳು.