ಮಿಣುಕುವ ದೀಪದ ಎಚ್ಚರಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳೆಯ ಹೆಂಚಿನ ಮನೆಗಳಲ್ಲಿ ದೀಪವು ಮಿಣುಕಿದೊಡನೆ ಮಳೆಗಾಳಿಯನ್ನು ದೂರುವುದು ವಾಡಿಕೆ. ನೆರೆಮನೆಯ ದೀಪವೂ ಮಂಕಾದರೆ ಆ ದೂರು ಸರಿಯಿರಬಹುದು. ನಮ್ಮದು ಮಾತ್ರ ಮಿಣುಕುತ್ತಿದ್ದರೆ, ತೇವದಿಂದ ಕಿಲುಬು ಹಿಡಿದ ಸಡಿಲ ಜೋಡಣೆಯೊಂದನ್ನು ಶಂಕಿಸಬೇಕು. ಅದರ ರೋಧವು ಅರ್ಧ ಓಮ್ ಎನ್ನೋಣ. ಗೀಸರ್ ಮೊದಲಾದವು 10 ಆಂಪಿಯರ್ ಪ್ರವಾಹವನ್ನು ಎಳೆದಾಗ ಅಲ್ಲಿ 5 ವೋಲ್ಟ್ ಕುಸಿದು, 50 ವಾಟ್ ಶಕ್ತಿಯು ಉಷ್ಣವಾಗುವುದು. ಪ್ರವಾಹವು ಮಿತಿಮೀರದ ಕಾರಣ ಫ್ಯೂಸ್ ಕರಗದು. ಮರದ ಅಟ್ಟದಲ್ಲಿ ಒಣ ಅಡಕೆ ತುಂಬಿದ ಮನೆಗೆ ಇದು ಅಲ್ಪ ಅಪಾಯವಲ್ಲ. ಕೆಲವು ದೀಪಗಳು ಮಂಕಾಗಿ ಕೆಲವು ಅತಿಯಾಗಿ ಬೆಳಗಿದರೆ ನ್ಯೂಟ್ರಲ್ ತಂತಿಯೇ ಸಡಿಲವಾಗಿರಬಹುದು; ಕೂಡಲೇ ಮೇನ್ ಸ್ವಿಚ್ಚನ್ನು ಆರಿಸತಕ್ಕದ್ದು. ಮಳೆಗಾಲಕ್ಕೆ ಮುನ್ನ ಹೆಂಚನ್ನು ಸರಿಪಡಿಸುವ ನಾವು, ಪರವಾನಿಗೆಯುಳ್ಳ ಕೆಲಸಗಾರನಿಂದ ತಂತಿಯ ಜೋಡಣೆಗಳನ್ನೂ ಪರೀಕ್ಷೆ ಮಾಡಿಸುವುದು ಯುಕ್ತವಲ್ಲವೆ?