ಚಾಕುವಿನ ಬೆಲೆ ಇರೋದು ಹಿಡಿಯ ಒಳಗೆ

ಮಳೆಗಾಲ ಮುಗಿದು ಟ್ರೆಕ್ಕಿಂಗ್ ಸೀಸನ್ ಶುರುವಾದರೆ ಸಾಕು, ನನ್ನ ವಾಟ್ಸ್‌ಆ್ಯಪ್‌ಗೆ ಒಂದೇ ಪ್ರಶ್ನೆ: ‘ಅಣ್ಣಾ, ಕ್ಯಾಂಪಿಂಗ್‌ಗೆ ಯಾವ ಚಾಕು ತಗೊಳ್ಳಲಿ?’ ಹಂಪಿ ದಾರಿಯ ಕಡ್ಡಿರಾಂಪುರದಲ್ಲಿ ಬಾಳೆತೋಟದ ನಡುವೆ ಇರುವವನಿಗೆ ಇದೆಲ್ಲ ಗೊತ್ತಿರುತ್ತೆ ಅಂತ ಬೆಂಗಳೂರಿನ ಹುಡುಗರ ನಂಬಿಕೆ. ಮಡಚುವ ಚಾಕು ಬೇಡ, ಗಟ್ಟಿಯಾಗಿ ಕೂತ ಅಲಗಿನದೇ ಬೇಕು ಅನ್ನೋಷ್ಟು ಯೂಟ್ಯೂಬ್ ನೋಡಿಯೇ ಕೇಳ್ತಾರೆ.

ಹೀಗಾಗಿ ಮೂರನ್ನು ಒಂದೇ ದಿನ ತೋಟದಲ್ಲಿ ಕೆಲಸಕ್ಕೆ ಹಚ್ಚಿದೆ. ಮೊದಲನೆಯದು, ನಮ್ಮ ಕಮ್ಮಾರರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಟ್ಟ ಗಿಡ್ಡ ಮಚ್ಚು, 450 ರೂಪಾಯಿ. ಎರಡನೆಯದು, ಸ್ವೀಡನ್ನಿನ ಮೋರಾ ಕಂಪ್ಯಾನಿಯನ್, ಸ್ಟೇನ್‌ಲೆಸ್. ಬೆಲೆ ಅದರ ನಾಲ್ಕೈದು ಪಟ್ಟು. ಮೂರನೆಯದು, ಗೆಳೆಯರೊಬ್ಬರು ಆನ್‌ಲೈನ್‌ನಲ್ಲಿ ತರಿಸಿದ್ದ 900 ರೂಪಾಯಿಯ ‘ಸರ್ವೈವಲ್’ ಚಾಕು. ಕಪ್ಪು ಬಣ್ಣ, ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ದಿಕ್ಸೂಚಿ!

ಟೊಮೆಟೊ, ಹಗ್ಗ, ಕಡ್ಡಿ ಕೆತ್ತುವ ಕೆಲಸದಲ್ಲಿ ಮೋರಾಗೆ ಸಾಟಿ ಇಲ್ಲ. ಬಾಳೆಗೊನೆಗೆ ಮಚ್ಚಿನ ಒಂದೇ ಏಟು ಸಾಕಾಯ್ತು. ಕೊನೆಗೆ ಒಣಗಿದ ಬಳ್ಳಾರಿ ಜಾಲಿ. ಆ ಕಟ್ಟಿಗೆ ಎಷ್ಟು ಗಟ್ಟಿ ಅಂತ ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಮಚ್ಚು ಸೀಳಿತು. ಸರ್ವೈವಲ್ ಚಾಕುವಿನ ಅಲಗು ಮೂರನೇ ಏಟಿಗೆ ಹಿಡಿಯಿಂದ ಕಳಚಿ ದೂರ ಹಾರಿತು. ಎದುರಿಗೆ ಯಾರೂ ಇರಲಿಲ್ಲ, ಪುಣ್ಯ.

ಕಾರಣ ಸರಳ. ಸೂಜಿ, ಬೆಂಕಿಪೊಟ್ಟಣ ಇಡಲಿ ಅಂತ ಅದರ ಹಿಡಿ ಟೊಳ್ಳು. ಅಲಗು ಒಂದು ಸಣ್ಣ ಬೆಸುಗೆಯ ಮೇಲೆ ನಿಂತಿತ್ತು. ಮಚ್ಚಿನಲ್ಲಿ ಅದೇ ಕಬ್ಬಿಣ ಹಿಡಿಯ ತುದಿವರೆಗೂ ಬಂದಿದೆ. ಇದಕ್ಕೇ ಫುಲ್ ಟ್ಯಾಂಗ್ ಅನ್ನೋದು. ಮೋರಾದಲ್ಲಿ ಅದು ಪೂರ್ತಿ ಬರೋದಿಲ್ಲ. ಆದ್ದರಿಂದ ಅದರಲ್ಲಿ ಕೆತ್ತಿ, ಕೊಯ್ಯಿರಿ, ಬಡಿದು ಕಟ್ಟಿಗೆ ಸೀಳಬೇಡಿ.

ಇನ್ನು ಉಕ್ಕು. ಸ್ಪ್ರಿಂಗ್ ಪಟ್ಟಿ ಏಟು ತಾಳುತ್ತೆ, ಆದರೆ ತುಕ್ಕು ಹಿಡಿಯುತ್ತೆ, ಬಾಳೆಯ ಸೊನೆಗೆ ಕಪ್ಪಾಗುತ್ತೆ. ಒರೆಸಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿದರೆ ಮುಗೀತು. ಸ್ಟೇನ್‌ಲೆಸ್‌ಗೆ ಈ ರಗಳೆ ಕಡಿಮೆ. ಎರಡರಲ್ಲೂ ಜೀವಾಳ ಹದ: ಕೆಂಪಗೆ ಕಾಯಿಸಿ ಥಟ್ಟನೆ ತಣಿಸಬೇಕು, ಆಮೇಲೆ ಮತ್ತೆ ಹಿತವಾಗಿ ಕಾಯಿಸಬೇಕು. ಹೆಚ್ಚಾದರೆ ಅಲಗು ಮೆತ್ತಗೆ, ಕಡಿಮೆಯಾದರೆ ಗಾಜಿನಂತೆ ಒಡೆಯುತ್ತೆ. ಕಾರ್ಖಾನೆ ಇದನ್ನು ಮಾಪಕ ನೋಡಿ ಮಾಡುತ್ತೆ, ನಮ್ಮ ಕಮ್ಮಾರರು ಲೋಹದ ಬಣ್ಣ ನೋಡಿ. ಇಂಗ್ಲಿಷಿನ ‘ವೂಟ್ಜ್’ ಪದ ನಮ್ಮ ‘ಉಕ್ಕು’ವಿನಿಂದ ಬಂದದ್ದು ಅಂತಾರೆ ಪಂಡಿತರು. ಆ ಕೈಚಳಕ ಇನ್ನೂ ಬದುಕಿದೆ.

ಎಷ್ಟು ದಿನ, ಗೊತ್ತಿಲ್ಲ. ಕಮ್ಮಾರರ ಮಗ ತೋರಣಗಲ್ಲಿನ ಕಾರ್ಖಾನೆ ಕೆಲಸಕ್ಕೆ ಹೋಗ್ತಾನೆ. ತಿಂಗಳ ಸಂಬಳ ಬಿಟ್ಟು ಕುಲುಮೆ ಮುಂದೆ ಕೂತ್ಕೋ ಅನ್ನೋದು ಹೇಗೆ? ಇದ್ದಿಲು, ಸುತ್ತಿಗೆ ಹೊಡೆಯುವವನ ಕೂಲಿ ಕಳೆದರೆ 450ರಲ್ಲಿ ಉಳಿಯೋದೆಷ್ಟು? ಆ್ಯಪ್‌ನಲ್ಲಿ 900ಕ್ಕೆ ತಕರಾರಿಲ್ಲದೆ ಬಟನ್ ಒತ್ತುವ ನಾವು ಕುಲುಮೆ ಮುಂದೆ 50 ರೂಪಾಯಿಗೆ ಚೌಕಾಸಿ ಮಾಡ್ತೀವಿ. ಹಿಡಿ ಸಡಿಲವಾದರೆ ಅವರೇ ಸರಿ ಮಾಡಿಕೊಡ್ತಾರೆ; ಆ್ಯಪ್ ಮಾಡುತ್ತಾ?

ಹಾಗಾದರೆ ಯಾವುದು ತಗೋಬೇಕು? ಅಡುಗೆ, ಸಣ್ಣ ಕೆತ್ತನೆಗಾದರೆ ಮೋರಾದಂಥ ಚಾಕು. ಒಣಕಟ್ಟಿಗೆ ಸೀಳೋದಿದ್ದರೆ ಊರ ಮಚ್ಚು. ಆನ್‌ಲೈನ್ ಆದರೆ ಉಕ್ಕಿನ ದರ್ಜೆಯ ಹೆಸರು, ಫುಲ್ ಟ್ಯಾಂಗ್ ಇದೆಯಾ ನೋಡಿ; ಬರೀ ‘ಹೈ ಕ್ವಾಲಿಟಿ ಸ್ಟೀಲ್’ ಅಂತಿದ್ದರೆ ಮುಂದಕ್ಕೆ ಸ್ಕ್ರೋಲ್ ಮಾಡಿ. ಕಾನೂನೂ ನೆನಪಿರಲಿ: ಮನೆ, ಕೃಷಿಯಂಥ ಬಳಕೆಗೆ ಮಾಡಿದ್ದನ್ನು ಬಿಟ್ಟರೆ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧ ನಿಯಮಗಳ ಪಟ್ಟಿಯಲ್ಲಿ ಬರುತ್ತೆ. ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿನಲ್ಲಿರಲಿ.

ಹೊಸಪೇಟೆ ಕಡೆ ಬಂದರೆ ಒಂದು ಕುಲುಮೆ ಹುಡುಕಿ. ಬೆಲೆ ಕೇಳಿ, ಕೇಳಿದಷ್ಟು ಕೊಡಿ.